ಲಿಗಮೆಂಟ್ ಒಂದೊಂದಾಗಿ ಸೇರಿಸಿದೆ, ಸೊಂಟದ ಮಾಡೆಲ್ ಸರಿಬಂತು

ಮೂಳೆಗಳನ್ನು ಕಟ್ಟಿಹಿಡಿಯುವ ಲಿಗಮೆಂಟ್‌ಗಳಿಗೆಲ್ಲ ಸಂಶೋಧನಾ ಪೇಪರ್‌ನಲ್ಲಿರುವ ಸ್ಟಿಫ್‌ನೆಸ್ (ಬಿಗಿತ) ತುಂಬಿ ಸುಮ್ನೆ ರನ್ ಒತ್ತಿದರೆ ಎಲ್4-ಎಲ್5, ಅಂದರೆ ಸೊಂಟದ ನಾಲ್ಕನೇ-ಐದನೇ ಕಶೇರುಗಳ ಕಂಪ್ಯೂಟರ್ ಮಾಡೆಲ್ ಸರಿಬರುವುದಿಲ್ಲ. ಒಂದು ಪೇಪರ್‌ನ ಅಂಕಿಗೂ ಇನ್ನೊಂದರ ಅಂಕಿಗೂ ಅಜಗಜಾಂತರ. ಜರ್ಮನಿಯ ಉಲ್ಮ್‌ನ ಸಂಶೋಧಕರು 2007ರಲ್ಲಿ ಶವದಿಂದ ತೆಗೆದ ಇದೇ ಭಾಗದ ಲಿಗಮೆಂಟ್‌ಗಳನ್ನು ಒಂದೊಂದಾಗಿ ಕತ್ತರಿಸುತ್ತಾ, 10 ನ್ಯೂಟನ್ ಮೀಟರ್‌ವರೆಗೆ ಬಾಗಿಸಿ ಅಳೆದಿದ್ದರು. ಅದನ್ನು ನಾನು ಕೊನೆಯಿಂದ ಓದಿದೆ. ಕಶೇರುಗಳ ನಡುವಿನ ಡಿಸ್ಕ್ ಮಾತ್ರ ಇಟ್ಟುಕೊಂಡು ಶುರು. ಮೊದಲು ಕಶೇರುಗಳ ಮುಂಭಾಗದ ಉದ್ದ ಲಿಗಮೆಂಟ್, ಕೊನೆಗೆ ಬೆನ್ನಿನ ತುದಿಯ ಸುಪ್ರಾಸ್ಪೈನಸ್ ಲಿಗಮೆಂಟ್. ಒಂದರ ಅಂಕಿ ಅವರ ಅಳತೆಗೆ ಕೂತ ಮೇಲೆ ಅದನ್ನು ಮತ್ತೆ ಮುಟ್ಟಲೇ ಇಲ್ಲ.

ದೊಡ್ಡ ಸಾಫ್ಟ್‌ವೇರ್ ಇಲ್ಲದೆ ಇದು ಆಗದ ಕೆಲಸ ಅಂದವರೇ ಜಾಸ್ತಿ. ಅದರ ಲೈಸೆನ್ಸ್‌ಗೆ ಕೇಳಿದ್ದು ಲಕ್ಷಗಟ್ಟಲೆ. ನನ್ನ ಖರ್ಚು ಎಪ್ಪತ್ತು ಸಾವಿರದ ಆಸುಪಾಸು. ಸೆಕೆಂಡ್ ಹ್ಯಾಂಡ್ ವರ್ಕ್‌ಸ್ಟೇಷನ್, 64 ಜಿಬಿ ರ್‍ಯಾಮ್, ಒಂದು ಯುಪಿಎಸ್. ಯುಪಿಎಸ್‌ಗೆ ಮಾತ್ರ ಜಿಪುಣತನ ಬೇಡ. ರಾತ್ರಿ ಕರೆಂಟ್ ಹೋದರೆ ಇಡೀ ರನ್ ನೀರುಪಾಲು. ಸ್ಕ್ಯಾನ್‌ನಿಂದ ಮೂಳೆಯ ಆಕಾರ ತೆಗೆಯುವ 3ಡಿ ಸ್ಲೈಸರ್, ಬಲದ ಲೆಕ್ಕ ಹಾಕುವ ಫೆಬಯೋ ಎರಡೂ ಪುಕ್ಕಟೆ.

ಹೈರಾಣ ಮಾಡಿದ್ದು ಹಿಂದಕ್ಕೆ ಬಾಗಿಸುವಾಗ. ಫೆಸೆಟ್‌ಗಳು (ಕಶೇರುಗಳ ಹಿಂಬದಿಯ ಚಿಕ್ಕ ಕೀಲುಗಳು) ತಾಗಿದ ಕೂಡಲೇ ಲೆಕ್ಕದ ಸ್ಟೆಪ್ ಸೈಜ್ ಕುಗ್ಗುತ್ತಾ ಹೋಗಿ ರನ್ ನಿಂತೇಬಿಡುತ್ತಿತ್ತು. ಎಲ್ಲರೂ ಆ ತಾಗುವಿಕೆಯ (ಕಾಂಟ್ಯಾಕ್ಟ್) ಲೆಕ್ಕದ ಮೇಲೆ ತಪ್ಪು ಹೊರಿಸಿದರು. ತಪ್ಪು ಲಿಗಮೆಂಟ್ ಎಂದು ಮಾಡೆಲ್‌ನಲ್ಲಿ ಇಟ್ಟ ಸ್ಪ್ರಿಂಗ್‌ನದು. ಎಳೆದರೆ ಮಾತ್ರ ಬಲ ಕೊಡುವ ಸ್ಪ್ರಿಂಗ್, ಎಳೆತ ಸೊನ್ನೆಯ ಹತ್ತಿರ ಇದ್ದಾಗ ಲೆಕ್ಕದ ಪ್ರತಿ ಸುತ್ತಿಗೂ (ಇಟರೇಷನ್) ಬಿಗಿ, ಸಡಿಲ, ಬಿಗಿ ಎಂದು ಮಗ್ಗುಲು ಬದಲಿಸುತ್ತದೆ. ಸ್ಪ್ರಿಂಗ್‌ನ ಎಳೆತ-ಬಲದ ಕರ್ವ್‌ನಲ್ಲಿ ಆ ಮೂಲೆ ನುಣುಪು ಮಾಡಿದೆ. ಸಡಿಲ ಕಡೆಗೂ ಚೂರು ಸ್ಟಿಫ್‌ನೆಸ್ ಬಿಟ್ಟೆ, ಎಳೆತದ ಭಾಗದ ನೂರನೇ ಒಂದಕ್ಕಿಂತ ಕಡಿಮೆ. ಆ ರಾತ್ರಿ ರನ್ ಕೊನೆಮುಟ್ಟಿತು.

ಕಶೇರುಗಳ ಹಿಂಬದಿಯನ್ನು ಜೋಡಿಸುವ ಹಳದಿ ಲಿಗಮೆಂಟ್ ಫ್ಲೇವಮ್‌ನದು ಬೇರೆಯೇ ಕಥೆ. ನೆಟ್ಟಗೆ ನಿಂತಾಗಲೂ ಅದು ಎಳೆತದಲ್ಲೇ ಇರುತ್ತದೆ. ನಾಚೆಮ್ಸನ್ ಮತ್ತು ಇವಾನ್ಸ್ 1968ರಲ್ಲಿ ಅಳೆದಂತೆ ಹರೆಯದಲ್ಲಿ ಸುಮಾರು 18 ನ್ಯೂಟನ್, ಮುಪ್ಪಿನಲ್ಲಿ 5ರ ಹತ್ತಿರ. ನಂಬಿಕೆ ಬರಲೆಂದು ಕಸಾಯಿ ಅಂಗಡಿಯಿಂದ ಕುರಿಯ ಸೊಂಟದ ತುಂಡು ತಂದೆ. ಹಳದಿ ಪಟ್ಟಿಯ ಒಂದು ತುದಿಯನ್ನು ಮೂಳೆಯಿಂದ ಬಿಡಿಸಿದ್ದೇ ತಡ, ಅದು ಕಣ್ಣೆದುರೇ ಗಿಡ್ಡವಾಯಿತು, ಹೆಚ್ಚುಕಮ್ಮಿ ಹತ್ತನೇ ಒಂದು ಪಾಲು. ಅಂದಿನಿಂದ ಪ್ರೀಸ್ಟ್ರೇನ್ (ಮೊದಲೇ ಇರುವ ಎಳೆತ) ಇಲ್ಲದ ಫ್ಲೇವಮ್ ಮಾಡೆಲ್ ಕಂಡರೆ ನನಗೆ ಸಮಾಧಾನವಿಲ್ಲ. ಅದೇ ಕುರಿಯ ಕ್ಯಾಪ್ಸೂಲ್‌ಗೆ (ಫೆಸೆಟ್ ಕೀಲನ್ನು ಸುತ್ತಿರುವ ಚೀಲ) ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದೂ ನೋಡಿದೆ. ಹಿಡಿತ ಜಾರುತ್ತಿತ್ತು, ಅಂಕಿ ಯಾವುದೂ ಕೆಲಸಕ್ಕೆ ಬರಲಿಲ್ಲ.

ಈಗ 7.5 ನ್ಯೂಟನ್ ಮೀಟರ್‌ಗೆ ಮುಂದಕ್ಕೂ ಹಿಂದಕ್ಕೂ ಉಲ್ಮ್ ಕರ್ವ್‌ಗಿಂತ ಅರ್ಧ ಡಿಗ್ರಿಯೊಳಗೇ ವ್ಯತ್ಯಾಸ. ನಮ್ಮ ಸುತ್ತಮುತ್ತ ಇಷ್ಟು ಅಗ್ಗದ ಮಷೀನ್‌ನಲ್ಲಿ ಇದನ್ನು ಕೂರಿಸಿದವರು ಬೇರೆ ಯಾರೂ ನನಗೆ ಕಂಡಿಲ್ಲ. ತಿರುಚುವಾಗ ಇನ್ನೂ ಸ್ವಲ್ಪ ಬಿಗಿ ಇದೆ. ಕ್ಯಾಪ್ಸೂಲ್‌ಗೆ ಎಷ್ಟು ಸಡಿಲ ಬಿಡಬೇಕು ಎನ್ನುವ ಲೆಕ್ಕ ನನ್ನದೇ. ಅದರ ಕೆಳಗಿನ ಜೋಡಿ ಎಲ್5-ಎಸ್1 ಮುಗಿಯುವವರೆಗೆ ಅದನ್ನು ಹೇಳಲ್ಲ.