ನಾಯಿ, ಬೆಕ್ಕುಗಳ ಪ್ರೊಟೊಜೋವಾ ಸೋಂಕು: ಮದ್ದು ಕೊಡುವ ಕ್ರಮ

ನಾರುವ, ಲೋಳೆ ಬೆರೆತ ಭೇದಿ ನಾಲ್ಕು ದಿನವಾದರೂ ನಿಲ್ಲದಿದ್ದರೆ ಹಲವರು ಹಿಂದೊಮ್ಮೆ ಉಳಿದಿದ್ದ ಮೆಟ್ರೊನಿಡಜೋಲ್ ಮಾತ್ರೆಯನ್ನೇ ಹುಡುಕುತ್ತಾರೆ. ಕರುಳಿನ ಪರಜೀವಿ ಜಿಯಾರ್ಡಿಯಾಕ್ಕೆ ಅದು ನಾಟಬಹುದು. ಕರುಳಿನದೇ ಇನ್ನೆರಡು ಪರಜೀವಿಗಳಾದ ಕಾಕ್ಸಿಡಿಯಾಕ್ಕೆ ನಾಟುವುದಿಲ್ಲ, ಬೆಕ್ಕಿನ ಟ್ರೈಟ್ರೈಕೊಮೊನಾಸ್‌ಗೂ ನಾಟುವುದಿಲ್ಲ. ಪ್ರೊಟೊಜೋವಾ ಎಂದರೆ ಒಂದೇ ರೋಗಾಣು ಅಲ್ಲ, ಏಕಕೋಶ ಜೀವಿಗಳ ದೊಡ್ಡ ಗುಂಪು. ಒಂದೊಂದಕ್ಕೂ ಮದ್ದು ಬೇರೆ. ಇಲ್ಲಿ ಕೊಟ್ಟಿರುವ ಪ್ರಮಾಣಗಳು ಪಶುವೈದ್ಯರು ಬರೆದುಕೊಟ್ಟದ್ದನ್ನು ತಿಳಿದು ಸರಿಯಾಗಿ ಕೊಡಲಿಕ್ಕೆ, ಪರೀಕ್ಷೆಯಿಲ್ಲದೆ ಮನೆಯಲ್ಲೇ ಶುರುಮಾಡಲಿಕ್ಕಲ್ಲ.

ಹಂತ 1: ಪರಜೀವಿಯ ಹೆಸರು ತಿಳಿಯಿರಿ

ಜಿಯಾರ್ಡಿಯಾದ ಕೋಶಗಳು (ಸಿಸ್ಟ್, ಅಂದರೆ ಗಟ್ಟಿ ಹೊದಿಕೆಯೊಳಗಿನ ರೂಪ) ಮಲದಲ್ಲಿ ದಿನವೂ ಬೀಳುವುದಿಲ್ಲ. ಒಂದೇ ಮಾದರಿಯಲ್ಲಿ ಕಾಣಲಿಲ್ಲವೆಂದು ಸೋಂಕಿಲ್ಲ ಅನ್ನಲಾಗದು. ಮೂರರಿಂದ ಐದು ದಿನಗಳ ಅವಧಿಯಲ್ಲಿ ಮೂರು ಮಾದರಿ ಕೊಡಿ, ಹೊಸದಾಗಿರಲಿ. ಜ್ವರ, ಬಿಳಿಚಿದ ವಸಡು, ಕಾಫಿ ಬಣ್ಣದ ಮೂತ್ರ ಕಂಡರೆ ಮಲವಲ್ಲ, ರಕ್ತ ನೋಡಬೇಕು. ಅದೂ ಅದೇ ದಿನ.

ಹಂತ 2: ತೂಕ ಹಾಕಿ, ಲೆಕ್ಕ ಮಾಡಿ

ಅಂದಾಜಿನ ತೂಕ ಬೇಡ. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆಯಿರಿ. ದ್ರವ ಔಷಧಿಯ ಶೇಕಡಾ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಒಂದು ಮಿ.ಲೀ.ನಲ್ಲಿ ಎಷ್ಟು ಮಿ.ಗ್ರಾಂ. ಇದೆ ಎಂದು ಸಿಗುತ್ತದೆ. 12 ಕೆ.ಜಿ. ನಾಯಿಗೆ ಕೆ.ಜಿ.ಗೆ 50 ಮಿ.ಗ್ರಾಂ.ನಂತೆ ಫೆನ್‌ಬೆಂಡಜೋಲ್ ಬೇಕಾದರೆ ದಿನಕ್ಕೆ 600 ಮಿ.ಗ್ರಾಂ. ಅದು ಶೇ 10ರ ದ್ರವದಲ್ಲಿ 6 ಮಿ.ಲೀ., ಶೇ 2.5ರದ್ದಾದರೆ 24 ಮಿ.ಲೀ. ಬಾಟಲಿ ಬದಲಾದಾಗ ಹಳೆಯ ಅಳತೆಯನ್ನೇ ಮುಂದುವರಿಸಿದರೆ ನಾಲ್ಕು ಪಟ್ಟು ಹೆಚ್ಚುಕಡಿಮೆಯಾಗುವುದು ಹೀಗೆ. ಚಮಚ ಬಿಡಿ, ಸೂಜಿ ತೆಗೆದ ಸಿರಿಂಜಿನಲ್ಲಿ ಅಳೆಯಿರಿ.

ಹಂತ 3: ಜಿಯಾರ್ಡಿಯಾ

ಫೆನ್‌ಬೆಂಡಜೋಲ್ ಮೊದಲ ಆಯ್ಕೆ. ಕೆ.ಜಿ.ಗೆ 50 ಮಿ.ಗ್ರಾಂ., ದಿನಕ್ಕೊಮ್ಮೆ, ಊಟದ ಜೊತೆ, 3ರಿಂದ 5 ದಿನ. ಮೆಟ್ರೊನಿಡಜೋಲ್ ಆದರೆ ಸಾಮಾನ್ಯವಾಗಿ ಕೆ.ಜಿ.ಗೆ 25 ಮಿ.ಗ್ರಾಂ.ವರೆಗೆ, ದಿನಕ್ಕೆ ಎರಡು ಸಲ, 5ರಿಂದ 7 ದಿನ. ಇದು ತುಂಬ ಕಹಿ; ಮಾತ್ರೆ ಮುರಿದು ಕೊಟ್ಟರೆ ಬೆಕ್ಕು ಬಾಯ್ತುಂಬ ನೊರೆ ಸುರಿಸುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಪ್ರಮಾಣ ಮೀರಿದರೆ ಅಥವಾ ಬಹುಕಾಲ ಕೊಟ್ಟರೆ ಮಿದುಳಿಗೆ ಪೆಟ್ಟು. ನಡಿಗೆ ತೂರಾಡುವುದು, ತಲೆ ಒಂದು ಪಕ್ಕಕ್ಕೆ ವಾಲುವುದು, ಕಣ್ಣುಗುಡ್ಡೆ ಅತ್ತಿತ್ತ ಹೊಯ್ದಾಡುವುದು ಕಂಡರೆ ಮುಂದಿನ ಸಲದ ಮದ್ದು ಕೊಡದೆ ವೈದ್ಯರಿಗೆ ತೋರಿಸಿ.

ಮದ್ದು ಸರಿಯಿದ್ದರೂ ಭೇದಿ ಮರುಕಳಿಸಲು ದೊಡ್ಡ ಕಾರಣ ಮೈಮೇಲಿನ ಕೂದಲು. ಹಿಂಭಾಗಕ್ಕೆ ಅಂಟಿದ ಕೋಶಗಳನ್ನು ಪ್ರಾಣಿ ನೆಕ್ಕುತ್ತದೆ, ಸೋಂಕು ಮತ್ತೆ ಹೊಟ್ಟೆ ಸೇರುತ್ತದೆ. ಆದ್ದರಿಂದ ಕೋರ್ಸಿನ ಕೊನೆಯ ದಿನ ಶಾಂಪೂ ಹಾಕಿ ಮೀಯಿಸಿ, ಗುದದ ಸುತ್ತ ಚೆನ್ನಾಗಿ ತೊಳೆಯಿರಿ. ಮಲವನ್ನು ಬಿದ್ದ ಕೂಡಲೇ ಎತ್ತಿ. ಬಟ್ಟಲುಗಳಿಗೆ ಕುದಿಯುವ ನೀರು ಹೊಯ್ಯಿರಿ. ನೆಲವನ್ನು ತೊಳೆದರಷ್ಟೇ ಸಾಲದು, ಪೂರ್ತಿ ಒಣಗಿಸಬೇಕು: ತಂಪಾದ ತೇವದಲ್ಲಿ ವಾರಗಟ್ಟಲೆ ಬದುಕುವ ಈ ಕೋಶಗಳು ಒಣಗಿದರೆ ಸಾಯುತ್ತವೆ.

ಗುಣವಾಯಿತೇ ಎಂದು ನೋಡಲು ಮಲದಲ್ಲಿ ಕೋಶಗಳನ್ನೇ ಹುಡುಕಿಸಿ. ಪರಜೀವಿಯ ಪ್ರೋಟೀನನ್ನು ಗೆರೆಯಾಗಿ ತೋರಿಸುವ ಆ್ಯಂಟಿಜೆನ್ ಕಿಟ್ ಸೋಂಕು ಹೋದ ಮೇಲೂ ವಾರಗಳ ಕಾಲ ಪಾಸಿಟಿವ್ ತೋರಿಸಬಹುದು. ಆ ಗೆರೆಯನ್ನು ನಂಬಿ, ಮಲ ಗಟ್ಟಿಯಾಗಿ ಲವಲವಿಕೆಯಿಂದಿರುವ ನಾಯಿಗೆ ಕೋರ್ಸಿನ ಮೇಲೆ ಕೋರ್ಸು ಹಾಕುವುದು ಅದಕ್ಕೆ ಮಾಡುವ ಅನ್ಯಾಯ.

ಹಂತ 4: ಕರುಳಿನ ಉಳಿದ ಸೋಂಕುಗಳು

ಮರಿಗಳ ಕಾಕ್ಸಿಡಿಯಾಕ್ಕೆ ಸಲ್ಫಾಡೈಮೆಥಾಕ್ಸಿನ್: ಮೊದಲ ದಿನ ಕೆ.ಜಿ.ಗೆ 55 ಮಿ.ಗ್ರಾಂ., ಆಮೇಲೆ ದಿನಕ್ಕೆ ಕೆ.ಜಿ.ಗೆ 27.5 ಮಿ.ಗ್ರಾಂ., ವೈದ್ಯರು ಹೇಳಿದಷ್ಟು ದಿನ. ಇದು ಪರಜೀವಿಯ ಬೆಳವಣಿಗೆಯನ್ನು ತಡೆಯುತ್ತದೆ, ನೇರವಾಗಿ ಕೊಲ್ಲುವುದು ಕಡಿಮೆ. ಭೇದಿ ನಿಂತಿತೆಂದು ಮೂರನೇ ದಿನಕ್ಕೆ ಬಿಟ್ಟರೆ ಮತ್ತೆ ಶುರು. ಸಲ್ಫಾದಿಂದ ಕಣ್ಣೀರು ಬತ್ತಬಹುದು, ಕಣ್ಣಿನ ಮೇಲೆ ಗಮನವಿರಲಿ. ಬೆಕ್ಕಿನ ಟ್ರೈಟ್ರೈಕೊಮೊನಾಸ್‌ಗೆ ರೊನಿಡಜೋಲ್, ಕೆ.ಜಿ.ಗೆ 30 ಮಿ.ಗ್ರಾಂ., ದಿನಕ್ಕೊಮ್ಮೆ, 14 ದಿನ. ಇದೂ ನರಗಳಿಗೆ ವಿಷವಾಗಬಲ್ಲದು. ಕೈಗವಸು ಹಾಕಿಯೇ ಮುಟ್ಟಿ.

ಹಂತ 5: ರಕ್ತದ ಬೇಬೀಸಿಯಾ

ರಕ್ತ ಹೀರುವ ಉಣ್ಣೆ ಹುಳುವಿನಿಂದ ಹರಡುವ ಬೇಬೀಸಿಯಾದಲ್ಲಿ ಎರಡು ಗಾತ್ರ. ದೊಡ್ಡದಕ್ಕೆ ಇಮಿಡೊಕಾರ್ಬ್: ಕೆ.ಜಿ.ಗೆ 6.6 ಮಿ.ಗ್ರಾಂ., ಸ್ನಾಯುವಿಗೆ ಅಥವಾ ಚರ್ಮದಡಿಗೆ, 14 ದಿನದ ಬಳಿಕ ಇನ್ನೊಮ್ಮೆ. ರಕ್ತನಾಳಕ್ಕೆ ಕೊಡಲೇಬಾರದು. ಜೊಲ್ಲು, ವಾಂತಿ ತಡೆಯಲು ವೈದ್ಯರು ಮೊದಲೇ ಅಟ್ರೊಪಿನ್ ಕೊಡುತ್ತಾರೆ. ಸಣ್ಣ ಜಾತಿಯ ಬೇಬೀಸಿಯಾ ಗಿಬ್ಸೋನಿಯನ್ನು ಈ ಚುಚ್ಚುಮದ್ದು ದೇಹದಿಂದ ತೊಲಗಿಸಲಾರದು. ಅದಕ್ಕೆ 10 ದಿನ ಜೋಡಿ ಮದ್ದು: ಅಟೊವಾಕ್ವೋನ್ ಕೆ.ಜಿ.ಗೆ 13.3 ಮಿ.ಗ್ರಾಂ. ಎಂಟು ಗಂಟೆಗೊಮ್ಮೆ, ಅಜಿಥ್ರೊಮೈಸಿನ್ ಕೆ.ಜಿ.ಗೆ 10 ಮಿ.ಗ್ರಾಂ. ದಿನಕ್ಕೊಮ್ಮೆ. ಅಟೊವಾಕ್ವೋನ್ ರಕ್ತಕ್ಕೆ ಸೇರಬೇಕಾದರೆ ಕೊಬ್ಬಿರುವ ಊಟ ಜೊತೆಗಿರಬೇಕು. ಬರೀ ಹೊಟ್ಟೆಗೆ ಕೊಟ್ಟರೆ ಬಹುಪಾಲು ಮಲದಲ್ಲೇ ಹೋಗುತ್ತದೆ. ರಾತ್ರಿಯ ಪಾಳಿಗೆ ಅಲಾರಾಂ ಇಡಿ. ಚಿಕಿತ್ಸೆ ಮುಗಿದು 60 ಮತ್ತು 90ನೇ ದಿನಕ್ಕೆ ಪಿಸಿಆರ್ (ರಕ್ತದಲ್ಲಿ ಪರಜೀವಿಯ ಡಿಎನ್ಎ ಹುಡುಕುವ ಪರೀಕ್ಷೆ) ಮಾಡಿಸಿ, ಎರಡೂ ನೆಗೆಟಿವ್ ಬರಬೇಕು.

ಹಂತ 6: ಟಾಕ್ಸೊಪ್ಲಾಸ್ಮಾ

ಟಾಕ್ಸೊಪ್ಲಾಸ್ಮಾ ಎಂಬ ಪ್ರೊಟೊಜೋವಾದಿಂದ ಕಾಯಿಲೆಬಿದ್ದ ಬೆಕ್ಕಿಗೆ ಕ್ಲಿಂಡಾಮೈಸಿನ್, ಕೆ.ಜಿ.ಗೆ 10ರಿಂದ 12.5 ಮಿ.ಗ್ರಾಂ., ದಿನಕ್ಕೆರಡು ಸಲ, ನಾಲ್ಕು ವಾರ. ಒಣ ಕ್ಯಾಪ್ಸೂಲ್ ಅನ್ನನಾಳದಲ್ಲಿ ಅಂಟಿಕೊಂಡು ಹುಣ್ಣಾಗಿ, ಮಾಯುವಾಗ ನಾಳವೇ ಕಿರಿದಾಗಬಹುದು. ನುಂಗಿಸಿದ ಕೂಡಲೇ ಸಿರಿಂಜಿನಲ್ಲಿ 5–6 ಮಿ.ಲೀ. ನೀರನ್ನು ಬಾಯಿಯ ಪಕ್ಕದಿಂದ ಸ್ವಲ್ಪಸ್ವಲ್ಪವೇ ಕುಡಿಸಿ.