ಅರಿವು ಕೇಂದ್ರದಲ್ಲಿ ಊರಿನ ಚರಿತ್ರೆ ಮತ್ತು ಬಿಪಿ ತಪಾಸಣೆ: ನಡೆಸುವುದು ಹೇಗೆ?

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾದ ಮೇಲೂ ಅಲ್ಲಿ ಹೆಚ್ಚಾಗಿ ಕಾಣಸಿಗುವವರು ಶಾಲೆಯ ಮಕ್ಕಳು ಮತ್ತು ಪರೀಕ್ಷೆಗೆ ಓದುವ ಯುವಕರೇ. ಐವತ್ತು ದಾಟಿದವರನ್ನು ಕರೆತರಲು ಉಪನ್ಯಾಸದ ಕರಪತ್ರ ಸಾಲದು. ರಕ್ತದೊತ್ತಡದ ತಪಾಸಣೆಗೆಂದು ಬಂದವರನ್ನು ಊರಿನ ಕಥೆ ಹೇಳಲು ಕೂರಿಸಿಕೊಳ್ಳುವುದು ಸುಲಭವಾದ ದಾರಿ.

ಮೊದಲು ಹೊತ್ತು ಗೊತ್ತುಮಾಡಿಕೊಳ್ಳಿ. ಶಿಡ್ಲಘಟ್ಟದ ಕಡೆ ನಾವು ಮೊದಲ ಸಲ ಬೆಳಿಗ್ಗೆ 11ಕ್ಕೆ ಕಾರ್ಯಕ್ರಮ ಇಟ್ಟುಕೊಂಡು ಮೂವರ ಮುಖ ನೋಡಿಕೊಂಡು ಕುಳಿತೆವು; ಆ ವಾರ ಊರಿನ ಅರ್ಧದಷ್ಟು ಮನೆಗಳಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರದಿಂದ (ಪೊರೆ ಕಳಚುವ ಹಂತದಿಂದ) ಎದ್ದು ಹೆಚ್ಚು ಮೇಯುವ ಹೊತ್ತು, ಸೊಪ್ಪು ಹಾಕುವವರಿಗೆ ಬಿಡುವೇ ಇರಲಿಲ್ಲ. ರೇಷ್ಮೆ ಬೆಳೆಯುವ ಊರಾದರೆ ಹುಳುವಿನ ಲೆಕ್ಕ ಕೇಳಿಯೇ ದಿನಾಂಕ ಬರೆಯಬೇಕು.

ನಂತರ ಆಶಾ ಕಾರ್ಯಕರ್ತೆಯ ಮೂಲಕ ಆರೋಗ್ಯ ಉಪಕೇಂದ್ರದ ಸಿಬ್ಬಂದಿಯನ್ನು ಆಹ್ವಾನಿಸಿ. 30 ವರ್ಷ ಮೇಲ್ಪಟ್ಟವರಿಗೆ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ತಪಾಸಣೆಯನ್ನು ಸರ್ಕಾರಿ ವ್ಯವಸ್ಥೆಯಲ್ಲೇ ಉಚಿತವಾಗಿ ಮಾಡುತ್ತಾರೆ. ತಪಾಸಣೆಗೆ ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ ಬೇಡ. ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೆ ಊರಿಸಿ, ಐದು ನಿಮಿಷ ಮಾತಿಲ್ಲದೆ ಕೂರಿಸಿ, ತೋಳು ಎದೆಯ ಮಟ್ಟದಲ್ಲಿರುವಂತೆ ನೋಡಿಕೊಳ್ಳಿ. ಮಾತನಾಡುತ್ತಿದ್ದರೆ ಅಂಕಿ ಏರುತ್ತದೆ. ಆದ್ದರಿಂದ ತಪಾಸಣೆ ಮೊದಲು, ಕಥೆ ಆಮೇಲೆ. ಕೆರೆ ನೀರಿನ ಹಳೆಯ ಜಗಳವನ್ನು ಹೇಳಿ ಮುಗಿಸಿದ ಅಜ್ಜನ ತೋಳಿಗೆ ಪಟ್ಟಿ ಸುತ್ತಿ ಪ್ರಯೋಜನವಿಲ್ಲ. ಅಂಕಿ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಳೆದು, ಆಗಲೂ ಇಳಿಯದಿದ್ದರೆ ವೈದ್ಯರ ಬಳಿಗೆ ಕಳಿಸಬೇಕು.

ಚರಿತ್ರೆಯ ಭಾಗಕ್ಕೆ ಕಂದಾಯ ಇಲಾಖೆಯ ಗ್ರಾಮ ನಕ್ಷೆಯೊಂದನ್ನು ದೊಡ್ಡದಾಗಿ ಮುದ್ರಿಸಿ ಮೇಜಿನ ಮೇಲೆ ಹಾಸಿ. ಕೆರೆ, ಕಾಲುವೆ, ಬಂಡಿದಾರಿಯ ಮೇಲೆ ಬೆರಳಿಟ್ಟರೆ ಸಾಕು, ಪ್ರಶ್ನೆ ಕೇಳುವ ಅಗತ್ಯವೇ ಬೀಳುವುದಿಲ್ಲ. ಶಿಡ್ಲಘಟ್ಟ ಸೇರಿರುವ ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ; ಅದಕ್ಕೂ ಹಿಂದಿನ ಗೆಜೆಟಿಯರ್ (ಜಿಲ್ಲೆಯ ವಿವರಗಳ ಸರ್ಕಾರಿ ಗ್ರಂಥ) ಮತ್ತು ಶಾಸನಗಳನ್ನು ಕೋಲಾರದ ಹೆಸರಿನಲ್ಲಿ ಹುಡುಕಬೇಕೆಂಬುದನ್ನು ಹಲವರು ಮರೆಯುತ್ತಾರೆ. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ, ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ 10ನೇ ಸಂಪುಟ ಕೋಲಾರ ಜಿಲ್ಲೆಯದು. ಅದರಲ್ಲಿ ತಾಲ್ಲೂಕುವಾರು ಕ್ರಮಸಂಖ್ಯೆ ಇರುವುದರಿಂದ ನಿಮ್ಮ ಊರಿನ ಶಾಸನದ ಕಲ್ಲು ಸೇರಿದೆಯೇ ಎಂದು ನೋಡಬಹುದು. ಈ ಸೀಮೆಯ ಹಿರಿಯರು ಅನೇಕರು ತೆಲುಗಿನಲ್ಲೇ ಕಥೆ ಹೇಳುತ್ತಾರೆ. ಅದನ್ನು ಕನ್ನಡಕ್ಕೆ ತಿರುಗಿಸಲು ಅವಸರಪಡದೆ, ಅವರ ಮಾತನ್ನು ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು ಒಳ್ಳೆಯದು.

ಮುಂದಿನ ವಾರ ವೀರಗಲ್ಲಿನವರೆಗೆ ನಡಿಗೆ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಬೆಳಿಗ್ಗೆ 7ಕ್ಕೆ ಮೊದಲೇ ಹೊರಡಿ, ಮಂಡಿನೋವಿರುವವರ ಹೆಜ್ಜೆಗೆ ಉಳಿದವರು ಹೊಂದಿಕೊಳ್ಳಲಿ. ಎಳೆಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಸವೆದ ಕೆತ್ತನೆಯೂ ಎದ್ದು ಕಾಣುತ್ತದೆ: ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ, ತುದಿಯಲ್ಲಿ ಸೂರ್ಯಚಂದ್ರರು. ಅಕ್ಷರ ಕಾಣಲೆಂದು ಸುಣ್ಣ, ಸೀಮೆಸುಣ್ಣ ತುಂಬುವುದಾಗಲಿ, ಎಣ್ಣೆ ಹಚ್ಚುವುದಾಗಲಿ ಕೂಡದು. ನೀರು ಮತ್ತು ಮೆದು ಬ್ರಷ್ ಸಾಕು, ತಂತಿ ಬ್ರಷ್ ಮುಟ್ಟಲೇಬೇಡಿ.

ಬರೆದುಕೊಂಡದ್ದನ್ನು ಹೇಳಿದವರ ಮುಂದೆ ಓದಿ, ಬೇಡವೆಂದ ಹೆಸರುಗಳನ್ನು ತೆಗೆದು, ಒಪ್ಪಿಗೆ ಪಡೆದ ಮೇಲಷ್ಟೇ ಕೇಂದ್ರದ ಕಡತಕ್ಕೆ ಸೇರಿಸಿ. ಒಂದು ಪ್ರತಿಯನ್ನು ದಪ್ಪಕ್ಷರದಲ್ಲಿ ಮುದ್ರಿಸಿ ಅವರ ಮನೆಗೆ ಕೊಟ್ಟುಬನ್ನಿ. ತಪಾಸಣೆಯ ಅಂಕಿಗಳು ಮಾತ್ರ ಆ ಕಡತದಲ್ಲಿ ಇರಬಾರದು; ಅವು ಅವರವರ ಚೀಟಿಯಲ್ಲೇ ಇರಲಿ.