ಒಂದು ಪ್ರಶ್ನೆ, ನಾಲ್ಕು ಸರಿಯುತ್ತರ: ಸೊರೋರಿಟಿಯ ಕ್ವಿಜ್ ನಡೆಸಿದ ನನ್ನ ಅನುಭವ

ಮೈಸೂರಿನಿಂದ ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೆ ಎಂಜಿನಿಯರಿಂಗ್ ಓದಲು ಹೋದ ನಾನು, ಎರಡನೆಯ ವರ್ಷದಲ್ಲಿ ಅಲ್ಲಿನ ಒಂದು ಸೊರೋರಿಟಿಗೆ ಸೇರಿದೆ. ಮೂರನೆಯ ವರ್ಷದಲ್ಲಿ ಅದರ ಹಿಸ್ಟೋರಿಯನ್ ಆಗಿ ಆಯ್ಕೆಯಾದೆ. ಆಯ್ಕೆ ಎಂಬುದು ದೊಡ್ಡ ಮಾತು, ಆ ಹುದ್ದೆಗೆ ಬೇರೆ ಯಾರೂ ನಿಂತಿರಲಿಲ್ಲ. ಕಾಲೇಜಿನ ಹೆಣ್ಣುಮಕ್ಕಳು ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡು ಕಟ್ಟಿಕೊಳ್ಳುವ ಈ ಸಂಘಗಳಲ್ಲಿ ಓದು ಮುಗಿದ ಮೇಲೂ ಸದಸ್ಯತ್ವ ಮುಗಿಯುವುದಿಲ್ಲ. ಆದ್ದರಿಂದ ಹಳಬರ ನೆನಪನ್ನು ಹೊಸಬರಿಗೆ ದಾಟಿಸುವ ಕೆಲಸಕ್ಕೆ ಒಬ್ಬರು ಬೇಕೇ ಬೇಕು. ನಾನು ಆ ಕೆಲಸವನ್ನು ಹೇಗೆ ಮಾಡಿದೆ, ಎಲ್ಲಿ ಎಡವಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನಗಿಂತ ಮೊದಲಿದ್ದ ಪದ್ಧತಿ ನಮ್ಮ ಪಿಯುಸಿ ಪರೀಕ್ಷೆಗಿಂತ ಬೇರೆಯಾಗಿರಲಿಲ್ಲ. ಎಂಟು ಪುಟಗಳ ಒಂದು ಕರಪತ್ರವನ್ನು ಕೊಟ್ಟು, ಸಂಸ್ಥಾಪಕಿಯರ ಹೆಸರು, ಇಸವಿ, ಹೂವು, ಬಣ್ಣ ಎಲ್ಲವನ್ನೂ ಬಾಯಿಪಾಠ ಮಾಡಿಸಿ ಬರೆಸುತ್ತಿದ್ದರು. ಪರೀಕ್ಷೆಯ ಮರುದಿನ ಅದರಲ್ಲಿ ಅರ್ಧವೂ ಯಾರ ತಲೆಯಲ್ಲೂ ಉಳಿದಿರುತ್ತಿರಲಿಲ್ಲ. ಅದರ ಜೊತೆಗೆ ಅನೇಕ ಸಂಘಗಳಲ್ಲಿ ಕಂಡುಬರುವ ಬೆಂಕಿಕಡ್ಡಿಯ ಆಟವೂ ಇತ್ತು: ಉರಿಯುವ ಕಡ್ಡಿಯನ್ನು ಹಿಡಿದುಕೊಂಡು, ಅದು ಬೆರಳಿಗೆ ತಾಗುವ ಮುನ್ನ ಆಲ್ಫಾದಿಂದ ಒಮೆಗಾವರೆಗಿನ 24 ಅಕ್ಷರಗಳನ್ನು ಹೇಳಿ ಮುಗಿಸಬೇಕು. ತ್ರಿಕೋನಮಿತಿಯಲ್ಲಿ ಕಲಿತ ‘ಥೀಟಾ’ವನ್ನು ಅವರಂತೆ ‘ಥೇಟಾ’ ಎಂದು ತಿದ್ದಿಕೊಳ್ಳುವಷ್ಟರಲ್ಲಿ ತಡವಾಗಿ, ಸಿಗ್ಮಾಕ್ಕೆ ಬರುವ ಹೊತ್ತಿಗೆ ನನ್ನ ಹೆಬ್ಬೆರಳು ಚುರ್ರೆಂದಿತ್ತು. ಹೊಸಬರನ್ನು ಹೆದರಿಸಿ ಕಲಿಸುವ ಯಾವುದೇ ಕ್ರಮವೂ ಹೇಜಿಂಗ್ ಆಗುತ್ತದೆ, ಅಂದರೆ ನಾವು ರ‍್ಯಾಗಿಂಗ್ ಎನ್ನುವುದೇ; ಹಾಗಾಗಿ ನಾನು ಮೊದಲು ನಿಲ್ಲಿಸಿದ್ದು ಆ ಕಡ್ಡಿಯ ಆಟವನ್ನು, ಆಮೇಲೆ ಆ ಪರೀಕ್ಷೆಯನ್ನು.

ಅವುಗಳ ಜಾಗಕ್ಕೆ ತಂದ ಕ್ವಿಜ್‌ನ ಮಾದರಿ ನಾನು ಬಾಲ್ಯದಲ್ಲಿ ಚಂದನ ವಾಹಿನಿಯಲ್ಲಿ ನೋಡುತ್ತಿದ್ದದ್ದು. ಸರಿಯುತ್ತರಕ್ಕೆ ಹಣವಲ್ಲ, ಪುಸ್ತಕ; ತಪ್ಪಿದವರಿಗೆ ಅವಮಾನವಲ್ಲ, ವಿವರಣೆ. ಪ್ರತಿ ಮೇಜಿಗೆ ಐದು ಜನ, ಅವರಲ್ಲಿ ಇಬ್ಬರು ಹೊಸಬರು, ಇಬ್ಬರು ಹಳಬರು, ಸಾಧ್ಯವಾದರೆ ಓದು ಮುಗಿಸಿ ಹೋದ ಒಬ್ಬ ಹಿರಿಯ ಸದಸ್ಯೆ. ಅಂಕ ಮೇಜಿಗೆ ಸೇರುತ್ತದೆಯೇ ಹೊರತು ಒಬ್ಬೊಬ್ಬರಿಗಲ್ಲ. ಇಷ್ಟರಿಂದಲೇ ಕೋಣೆಯ ಹವೆ ಬದಲಾಯಿತು.

ಆದರೆ ಪ್ರಶ್ನೆ ಬರೆಯುವುದು ಎಷ್ಟು ಕಷ್ಟ ಎಂಬುದು ನನಗೆ ತಿಳಿದದ್ದು ನಮ್ಮ ಕ್ಯಾಂಪಸ್ಸಿನ ಹಲವು ಸೊರೋರಿಟಿಗಳು ಸೇರಿ ನಡೆಸಿದ ಕ್ವಿಜ್‌ನಲ್ಲಿ. ಸುಲಭದ ಪ್ರಶ್ನೆಯಿಂದ ಆರಂಭಿಸೋಣವೆಂದು ‘ಅಮೆರಿಕದ ಮೊದಲ ಸೊರೋರಿಟಿ ಯಾವುದು?’ ಎಂದು ಕೇಳಿದೆ. ನಾಲ್ಕು ಮೇಜುಗಳಿಂದ ನಾಲ್ಕು ಉತ್ತರಗಳು ಬಂದವು. ನನ್ನ ಚೀಟಿಯಲ್ಲಿ ಇದ್ದದ್ದು ಒಂದೇ. ನಾನು ಮಿಕ್ಕ ಮೂರನ್ನೂ ತಪ್ಪೆಂದು ಘೋಷಿಸಿದೆ. ಆಮೇಲೆ ಎದ್ದ ಗದ್ದಲದಲ್ಲಿ ಎರಡನೆಯ ಪ್ರಶ್ನೆಗೆ ಹೋಗಲು ಕಾಲು ಗಂಟೆ ಬೇಕಾಯಿತು, ಮತ್ತು ಆ ಕಾಲು ಗಂಟೆಯಲ್ಲಿ ನಾನು ಕಲಿತಷ್ಟು ಇತಿಹಾಸವನ್ನು ಆ ಎಂಟು ಪುಟಗಳು ಕಲಿಸಿರಲಿಲ್ಲ.

ಏಕೆಂದರೆ ನಾಲ್ಕೂ ಸರಿಯಾಗಿದ್ದವು. ಜಾರ್ಜಿಯಾ ರಾಜ್ಯದ ಮೇಕನ್ ಊರಿನ ವೆಸ್ಲಿಯನ್ ಮಹಿಳಾ ಕಾಲೇಜಿನಲ್ಲಿ 1851ರ ಮೇ 15ರಂದು ಹುಟ್ಟಿದ ಅಡೆಲ್ಫಿಯನ್ ಸೊಸೈಟಿಯು ಕಾಲೇಜು ಹೆಣ್ಣುಮಕ್ಕಳ ಮೊದಲ ರಹಸ್ಯ ಸಂಘ. ಆದರೆ ಅದು ಗ್ರೀಕ್ ಅಕ್ಷರಗಳನ್ನು ತೊಟ್ಟದ್ದು 1900 ದಾಟಿದ ಮೇಲೆ, ಆಲ್ಫಾ ಡೆಲ್ಟಾ ಪೈ ಎಂಬ ಇಂದಿನ ಹೆಸರು ಬಂದದ್ದು 1913ರಲ್ಲಿ. ಇಲಿನಾಯ್‌ನ ಮನ್ಮತ್ ಕಾಲೇಜಿನಲ್ಲಿ 1867ರ ಏಪ್ರಿಲ್ 28ರಂದು 12 ವಿದ್ಯಾರ್ಥಿನಿಯರು ಕಟ್ಟಿದ ಐ.ಸಿ. ಸೊರೋಸಿಸ್, ಹುಡುಗರ ಫ್ರಟರ್ನಿಟಿಗಳ ಮಾದರಿಯಲ್ಲಿ ದೇಶದಾದ್ಯಂತ ಹರಡಬೇಕೆಂದೇ ಹುಟ್ಟಿದ ಮೊದಲ ಮಹಿಳಾ ಸಂಘ. ಅದು ಪೈ ಬೀಟಾ ಫೈ ಆದದ್ದು 1888ರಲ್ಲಿ. ಹುಟ್ಟುವಾಗಲೇ ಗ್ರೀಕ್ ಅಕ್ಷರಗಳನ್ನು ಹೊತ್ತು ಬಂದದ್ದು ಕಪ್ಪಾ ಆಲ್ಫಾ ಥೀಟಾ, 1870ರ ಜನವರಿ 27ರಂದು, ಇಂಡಿಯಾನಾದಲ್ಲಿ. ಇನ್ನು ‘ಸೊರೋರಿಟಿ’ ಎಂಬ ಪದವನ್ನೇ ಮೊದಲು ಪಡೆದದ್ದು 1874ರಲ್ಲಿ ಸಿರಾಕ್ಯೂಸ್‌ನಲ್ಲಿ ನಾಲ್ವರು ಕಟ್ಟಿದ ಗಾಮಾ ಫೈ ಬೀಟಾ: ಅಲ್ಲಿನ ಲ್ಯಾಟಿನ್ ಅಧ್ಯಾಪಕ ಫ್ರಾಂಕ್ ಸ್ಮಾಲಿ, ಹೆಣ್ಣುಮಕ್ಕಳ ಸಂಘವನ್ನು ‘ಸೋದರರ ಕೂಟ’ ಎಂಬ ಅರ್ಥದ ಫ್ರಟರ್ನಿಟಿ ಎಂದು ಕರೆಯುವುದು ಸರಿಯಲ್ಲವೆಂದು, 1882ರಲ್ಲಿ ಈ ಹೊಸ ಪದವನ್ನು ಸೂಚಿಸಿದರು. ಅದಕ್ಕೂ ಮುನ್ನ ಹುಟ್ಟಿದ ಹಲವು ಮಹಿಳಾ ಸಂಘಗಳು ಇಂದಿಗೂ ಅಧಿಕೃತವಾಗಿ ತಮ್ಮನ್ನು ಫ್ರಟರ್ನಿಟಿ ಎಂದೇ ಕರೆದುಕೊಳ್ಳುತ್ತವೆ.

ಇಲ್ಲೊಂದು ಮಾತು. ಸೊರೋರಿಟಿ ಎಂದು ಮೊದಲ ಬಾರಿ ಕೇಳಿದಾಗ ಅದು ನಮ್ಮ ‘ಸೋದರಿ’ಗೆ ನೆಂಟನಿರಬೇಕೆಂದು ನಾನು ನಂಬಿದ್ದೆ, ಒಬ್ಬಿಬ್ಬರಿಗೆ ಹಾಗೆಂದು ಹೇಳಿಯೂ ಬಿಟ್ಟಿದ್ದೆ. ಅದು ತಪ್ಪು. ಸೋದರಿ ಎಂದರೆ ಒಂದೇ ಉದರದಿಂದ ಬಂದವಳು. ಲ್ಯಾಟಿನ್‌ನ ‘ಸೊರೋರ್’ಗೆ ನಿಜವಾದ ನೆಂಟ ಸಂಸ್ಕೃತದ ‘ಸ್ವಸೃ’. ಧ್ವನಿಯ ಹೋಲಿಕೆಯನ್ನು ನಂಬಿದ ಆ ತಪ್ಪನ್ನೇ ಆಮೇಲೆ ಒಂದು ಪ್ರಶ್ನೆಯಾಗಿ ಮಾಡಿಕೊಂಡೆ.

ಆ ರಾತ್ರಿಯ ನಂತರ ‘ಮೊದಲ’ ಎಂಬ ಪದವಿದ್ದ ಎಲ್ಲ ಕಾರ್ಡುಗಳನ್ನೂ ಮತ್ತೆ ಬರೆದೆ: ಯಾವುದರಲ್ಲಿ ಮೊದಲು, ಯಾರಲ್ಲಿ ಮೊದಲು ಎಂಬ ಷರತ್ತು ಪ್ರಶ್ನೆಯೊಳಗೇ ಇರಬೇಕು. ಅದಕ್ಕಿಂತ ಮುಖ್ಯವಾಗಿ, ಇಸವಿಯನ್ನು ಕೇಳುವುದನ್ನು ಕಡಿಮೆ ಮಾಡಿ ಕಾರಣವನ್ನು ಕೇಳತೊಡಗಿದೆ. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ ಪ್ರಶ್ನೆ ಇದು: ‘ಬೆಟ್ಟಿ ಲಾಕ್ ಎಂಬ ವಿದ್ಯಾರ್ಥಿನಿಗೆ ಹುಡುಗರು ಬೆಳ್ಳಿಯ ಕೇಕ್ ಬುಟ್ಟಿಯನ್ನು ಏಕೆ ಕೊಟ್ಟರು?’ ಇಂಡಿಯಾನಾ ಆಸ್ಬರಿ ವಿಶ್ವವಿದ್ಯಾಲಯ, ಅಂದರೆ ಇಂದಿನ ಡೀಪಾ ವಿಶ್ವವಿದ್ಯಾಲಯ, ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1867ರಲ್ಲಿ. ಅಲ್ಲಿ ಓದುತ್ತಿದ್ದ ಬೆಟ್ಟಿಗೆ ಫೈ ಗಾಮಾ ಡೆಲ್ಟಾ ಎಂಬ ಫ್ರಟರ್ನಿಟಿಯ ಹುಡುಗರು ತಮ್ಮ ಬ್ಯಾಡ್ಜನ್ನು ಧರಿಸಲು ಕೊಡುತ್ತೇವೆ ಎಂದರು, ಸದಸ್ಯೆಯಾಗಿ ಅಲ್ಲ, ಶೋಭೆಗಾಗಿ. ಪೂರ್ಣ ಸದಸ್ಯತ್ವ ಕೊಡುವುದಾದರೆ ಮಾತ್ರ ಎಂದು ಆಕೆ ಹೇಳಿದಾಗ, ಅವರು ಬ್ಯಾಡ್ಜಿನ ಬದಲು ಕೇಕ್ ಬುಟ್ಟಿಯನ್ನು ಉಡುಗೊರೆಯಾಗಿ ಕೊಟ್ಟರಂತೆ. ಗಣಿತದ ಪ್ರಾಧ್ಯಾಪಕರಾಗಿದ್ದ ತಂದೆಯ ಪ್ರೋತ್ಸಾಹದಿಂದ ಬೆಟ್ಟಿ ತನ್ನದೇ ಸಂಘವನ್ನು ಕಟ್ಟಿದಳು, ಅದೇ ಕಪ್ಪಾ ಆಲ್ಫಾ ಥೀಟಾ. ಈ ಪ್ರಶ್ನೆಗೆ ಯಾರೂ ತಕ್ಷಣ ಉತ್ತರಿಸುವುದಿಲ್ಲ, ಎಲ್ಲರೂ ಊಹಿಸುತ್ತಾರೆ, ಉತ್ತರ ಕೇಳಿದ ಮೇಲೆ 1870 ಎಂಬ ಇಸವಿಯನ್ನು ಯಾರೂ ಬಾಯಿಪಾಠ ಮಾಡಬೇಕಾಗುವುದಿಲ್ಲ.

ಬಹಿರಂಗವಾಗಿ ಕೇಳಬಾರದ್ದೂ ಇದೆ. ದೀಕ್ಷಾವಿಧಿ, ಕೈಕುಲುಕುವ ಗುಪ್ತ ರೀತಿ, ಒಳಗಿನ ಧ್ಯೇಯವಾಕ್ಯಗಳು ಆಯಾ ಸಂಘದ ಒಳಗಿನ ವಿಷಯ. ಅವುಗಳನ್ನು ಜಂಟಿ ಕ್ವಿಜ್‌ಗೆ ತರುವಂತಿಲ್ಲ. ಹೂವು, ಬಣ್ಣ, ಲಾಂಛನಗಳಿಗೆ ಆ ತೊಡಕಿಲ್ಲ. ಡೆಲ್ಟಾ ಗಾಮಾದವರಿಗೆ ಲಂಗರು. ಕಪ್ಪಾ ಕಪ್ಪಾ ಗಾಮಾದವರಿಗೂ ಕೈ ಒಮೆಗಾದವರಿಗೂ ಗೂಬೆ. ಅವರು ಮಂಚದ ಮೇಲೆಲ್ಲ ಗೂಬೆಯ ಗೊಂಬೆಗಳನ್ನು ಜೋಡಿಸಿಟ್ಟುಕೊಂಡದ್ದನ್ನು ನಮ್ಮ ಅಜ್ಜಿ ನೋಡಿದ್ದರೆ ಖಂಡಿತ ಶಾಂತಿ ಮಾಡಿಸುತ್ತಿದ್ದರು.

ಒಂದು ಮಧ್ಯಾಹ್ನ ನಾನು ನಮ್ಮ ಮನೆಯ, ಅಂದರೆ ಸದಸ್ಯೆಯರು ಒಟ್ಟಿಗೆ ಇರುವ ಸಂಘದ ಮನೆಯ, ಹಜಾರದಲ್ಲಿ ತೂಗುಹಾಕಿದ್ದ ಕಾಂಪೊಸಿಟ್‌ಗಳನ್ನು, ಎಂದರೆ ವರ್ಷಕ್ಕೊಂದರಂತೆ ಎಲ್ಲ ಸದಸ್ಯೆಯರ ಚಿಕ್ಕ ಚಿಕ್ಕ ಭಾವಚಿತ್ರಗಳನ್ನು ಸಾಲಾಗಿ ಕೂರಿಸಿದ ದೊಡ್ಡ ಚೌಕಟ್ಟುಗಳನ್ನು, ಒಂದೊಂದಾಗಿ ನೋಡುತ್ತಾ ಹೋದೆ. ಹಿಂದಕ್ಕೆ ಹೋದಂತೆ ಒಂದು ಹಂತದ ಆಚೆಗೆ ನನ್ನ ಬಣ್ಣದ ಮುಖ ಒಂದೂ ಇರಲಿಲ್ಲ, ಕಪ್ಪು ಮುಖವೂ ಇರಲಿಲ್ಲ. ಕರಪತ್ರ ಆ ಬಗ್ಗೆ ಒಂದು ಸಾಲನ್ನೂ ಹೇಳುತ್ತಿರಲಿಲ್ಲ. ಹೆಮ್ಮೆಪಡುವ ಸಂಗತಿಗಳನ್ನು ಮಾತ್ರ ಕೇಳುವ ಕ್ವಿಜ್ ಅರ್ಧ ಸುಳ್ಳು ಎನ್ನಿಸಿ, ಮುಂದಿನ ಸಲ ಒಂದು ಇಡೀ ಸುತ್ತನ್ನು ಹೊರಗುಳಿದವರು ಕಟ್ಟಿದ ಸಂಘಗಳಿಗೆ ಮೀಸಲಿಟ್ಟೆ. 1908ರಲ್ಲಿ ವಾಷಿಂಗ್ಟನ್‌ನ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಆಲ್ಫಾ ಕಪ್ಪಾ ಆಲ್ಫಾ ಕಪ್ಪು ಮಹಿಳೆಯರ ಮೊದಲ ಗ್ರೀಕ್ ಅಕ್ಷರದ ಸೊರೋರಿಟಿ. ಕಮಲಾ ಹ್ಯಾರಿಸ್ ಅದರ ಸದಸ್ಯೆ. ಅಲ್ಲಿಯೇ 1913ರ ಜನವರಿಯಲ್ಲಿ 22 ಜನ ಕಟ್ಟಿದ ಡೆಲ್ಟಾ ಸಿಗ್ಮಾ ಥೀಟಾ, ಎರಡು ತಿಂಗಳೂ ತುಂಬುವ ಮುನ್ನ, ಮಾರ್ಚ್ 3ರಂದು, ಮಹಿಳೆಯರ ಮತದಾನದ ಹಕ್ಕಿಗಾಗಿ ನಡೆದ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿತು. ಲಾಸ್ ಏಂಜಲೀಸ್‌ನಲ್ಲಿ 1928ರಲ್ಲಿ ಜಪಾನಿ ಮೂಲದ ವಿದ್ಯಾರ್ಥಿನಿಯರು ಕಟ್ಟಿದ ಕೈ ಆಲ್ಫಾ ಡೆಲ್ಟಾ, ಎರಡನೆಯ ಮಹಾಯುದ್ಧದಲ್ಲಿ ಅದರ ಸದಸ್ಯೆಯರನ್ನು ಸರ್ಕಾರ ಬಂಧನ ಶಿಬಿರಗಳಿಗೆ ಕಳುಹಿಸಿದ್ದರಿಂದ ನಿಂತುಹೋಗಿ, ಯುದ್ಧದ ನಂತರ ಮತ್ತೆ ಆರಂಭವಾಯಿತು. ದಕ್ಷಿಣ ಏಷ್ಯಾದ ಹಿನ್ನೆಲೆಯ ಹೆಣ್ಣುಮಕ್ಕಳು 1998ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಕಪ್ಪಾ ಫೈ ಗಾಮಾವನ್ನು ಕಟ್ಟಿದರು. ಆ ಸುತ್ತಿನಲ್ಲಿ ನಮ್ಮ ಮೇಜುಗಳಿಗೆ ಬಂದ ಅಂಕಗಳು ಅತಿ ಕಡಿಮೆ.

ಹಿರಿಯ ಸದಸ್ಯೆಯರನ್ನು ಕರೆಸಿದ್ದರ ಬೆಲೆ ತಿಳಿದದ್ದು ಕ್ಯಾಂಡಲ್ ಪಾಸ್ ಬಗೆಗಿನ ಪ್ರಶ್ನೆಯಲ್ಲಿ. ಯಾರಿಗಾದರೂ ಮದುವೆ ನಿಶ್ಚಯವಾದರೆ ದೀಪ ಆರಿಸಿ ವೃತ್ತಾಕಾರವಾಗಿ ನಿಂತು ಒಂದು ಮೇಣದ ಬತ್ತಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ನಿಶ್ಚಿತಾರ್ಥದವರೆಗಿನ ಒಂದೊಂದು ಮೆಟ್ಟಿಲಿಗೂ ಒಂದೊಂದು ಸುತ್ತು. ಯಾರೆಂಬುದು ಗುಟ್ಟು, ತನ್ನ ಸುತ್ತು ಬಂದಾಗ ಆಕೆ ಬತ್ತಿಯನ್ನು ಊದಿ ಆರಿಸುತ್ತಾಳೆ. ಬತ್ತಿ ಎಷ್ಟು ಸುತ್ತು ಬರುತ್ತದೆ ಎಂದು ಕೇಳಿದೆ, ಕಾರ್ಡಿನಲ್ಲಿ ಮೂರು ಎಂದಿತ್ತು. 1950ರ ದಶಕದಲ್ಲಿ ನಮ್ಮ ಮನೆಯಲ್ಲಿದ್ದ ಒಬ್ಬ ಅಜ್ಜಿ ಕೈ ಎತ್ತಿ, ನಾಲ್ಕು ಎಂದರು. ಅವರ ಕಾಲದಲ್ಲಿ ನಿಶ್ಚಿತಾರ್ಥಕ್ಕೆ ಮುನ್ನ ‘ಪಿನ್ನಿಂಗ್’ ಎಂಬ ಇನ್ನೊಂದು ಮೆಟ್ಟಿಲಿತ್ತು, ಹುಡುಗ ತನ್ನ ಫ್ರಟರ್ನಿಟಿಯ ಪಿನ್ನನ್ನು ಹುಡುಗಿಗೆ ತೊಡಿಸುವುದು. ಅದಕ್ಕೊಂದು ಪ್ರತ್ಯೇಕ ಸುತ್ತು. ಹಾಗೆ ಹೇಳುತ್ತಾ ಅವರು ತಮ್ಮ ಸ್ವೆಟರಿನ ಎಡಭಾಗವನ್ನು, ಏನೂ ಇಲ್ಲದ ಆ ಜಾಗವನ್ನು, ಎರಡು ಬೆರಳಿನಿಂದ ಮುಟ್ಟಿಕೊಂಡರು. ನಾನು ಎರಡೂ ಉತ್ತರಗಳಿಗೆ ಅಂಕ ಕೊಟ್ಟು, ಕಾರ್ಡಿನಲ್ಲಿ ‘ಈಗ’ ಎಂಬ ಪದವನ್ನು ಸೇರಿಸಿದೆ.

ಓದು ಮುಗಿಸಿ ಹೊರಡುವಾಗ ಶೂ ಪೆಟ್ಟಿಗೆಯೊಂದರಲ್ಲಿ 140 ಕಾರ್ಡುಗಳಿದ್ದವು. ಮುಂದಿನ ಹಿಸ್ಟೋರಿಯನ್‌ಗೆ ಕೊಡುವ ಹಿಂದಿನ ರಾತ್ರಿ ಪ್ರತಿ ಕಾರ್ಡಿನ ಬೆನ್ನಿಗೂ ಆಧಾರವನ್ನು ಬರೆದೆ: ಯಾವ ನಡಾವಳಿ ಪುಸ್ತಕ, ಯಾವ ವರ್ಷದ ಕಾಂಪೊಸಿಟ್, ಯಾವ ಹಿರಿಯರ ಮಾತು. ಆಧಾರ ಸಿಗದ 11 ಕಾರ್ಡುಗಳನ್ನು ಹರಿದುಹಾಕಿದೆ. ಅವುಗಳಲ್ಲಿ ಎರಡು ಎಲ್ಲರಿಗೂ ಬಹಳ ಇಷ್ಟವಾದ ಕಥೆಗಳಾಗಿದ್ದವು.